ಜಪಾನಿನ ಚಿತ್ರಕ್ಕೆ ಅರ್ಥ ಹೇಳಿದವನು

ನನ್ನ ಮೊಮ್ಮಗಳು ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆ ಪಾಸಾದಳು. ಬರೀ ಪಾಸಲ್ಲ, ಫಸ್ಟ್ ಕ್ಲಾಸ್. ಮಂಗಳೂರಿನ ಶಾಲೆಯ ಬೋರ್ಡಿನಲ್ಲಿ ನಂಬರು ನೋಡಿಕೊಂಡು ಅಪ್ಪ, ಮಗಳು ಇವತ್ತು ಮಧ್ಯಾಹ್ನದ ಬಸ್ಸಿನಲ್ಲಿ ಕಡಬಕ್ಕೆ ಬಂದರು. ಬಸ್ಸು ನಿಲ್ಲುವ ಮೊದಲೇ ಅವಳು ಕಿಟಕಿಯಿಂದ ಎರಡೂ ಕೈ ಹೊರಗೆ ಹಾಕಿ ನನಗೆ ಹೇಳಿಯೇಬಿಟ್ಟಳು. ಅವಳ ಕೈಮಾತು ತಿಳಿಯದವರಿಗೆ, ಯಾರೋ ಹುಡುಗಿ ಸೆಖೆ ತಡೆಯಲಾರದೆ ಗಾಳಿ ಬೀಸಿಕೊಳ್ಳುತ್ತಿದ್ದಾಳೆ ಎಂದು ಕಂಡಿರಬೇಕು. ನನಗೆ ಮಾತ್ರ ಸರಿಯಾಗಿ ಮುಟ್ಟಿತು. ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಅತ್ತೆ. ಆಮೇಲೆ ಕಂಡಕ್ಟರನಿಗೆ ಹೇಳಿದೆ, ಸೋಡಾ ಅಂಗಡಿಯವನಿಗೆ ಹೇಳಿದೆ, ಬೀಡಿ ಬ್ರಾಂಚಿನ ಚೆಕ್ಕರನಿಗೆ ಹೇಳಿದೆ, ನನ್ನ ಗುರುತೇ ಇಲ್ಲದ ಸುಬ್ರಹ್ಮಣ್ಯದ ಯಾತ್ರಿಕರೊಬ್ಬರಿಗೂ ಹೇಳಿದೆ. ಅವರು ಪಾಪ, ಒಳ್ಳೆಯದಾಗಲಿ ಅಂದರು.

ನನ್ನ ಸುಮತಿಗೆ ಎರಡು ವರ್ಷದಲ್ಲಿ ಜ್ವರ ಬಂದು ಕಿವಿ ಹೋಗಿತ್ತು. ಕಿವಿ ಹೋದ ಮೇಲೆ ಬಂದಿದ್ದ ನಾಲ್ಕು ಮಾತೂ ಹೋಯಿತು. ನಮ್ಮ ಸಂಸಾರದಲ್ಲಿ ಈವರೆಗೆ ಯಾರೂ ಏಳನೆಯದನ್ನು ದಾಟಿದ್ದಿಲ್ಲ. ನಾನು ಮೂರಕ್ಕೆ ಬಿಟ್ಟವಳು, ಮಗ ಮೋನಪ್ಪ ಐದಕ್ಕೆ. ದಾಟಿದವಳು ಇವಳು.

ಇಂಥ ದಿನ ಮನುಷ್ಯರು ದೇವರನ್ನು ನೆನೆಯುತ್ತಾರೆ. ನಾನೂ ನೆನೆದೆ, ಕಾಯಿ ತೆಗೆದಿಟ್ಟೆ. ಅದಾದ ಮೇಲೆ ನೆನಪಿಗೆ ಬಂದವನು ಮಾತ್ರ ಆ ದರಿದ್ರದವನು, ನಮ್ಮ ಪೇಟೆಯ ವೀಡಿಯೋದವನು. ಸತ್ತು ಎರಡು ಮಳೆಗಾಲ ಆಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ಸೊಸೆ ಹೇಳುತ್ತಾಳೆ. ಆದರೆ ಅವನ ಬಗ್ಗೆ ಒಳ್ಳೆಯದನ್ನು ಮಾತ್ರ ಆಡಬೇಕು ಅಂದರೆ ನಾನು ಈ ಸಾಲಿಗೇ ನಿಲ್ಲಿಸಬೇಕಾದೀತು. ಇವತ್ತು ನನ್ನ ಸಂತೋಷಕ್ಕೆ ಮಿತಿ ಇಲ್ಲ. ಆ ಸಂತೋಷದಲ್ಲಿಯೇ ಅವನನ್ನು ಒಂದಿಷ್ಟು ಜರೆಯುತ್ತೇನೆ. ಹೆಸರು ಬರೆಯುವುದಿಲ್ಲ. ಅವನ ಹೆಂಡತಿ ಮಕ್ಕಳು ಒಳ್ಳೆಯವರು.

ಎಂಬತ್ತನೆಯ ಇಸವಿ ಕಳೆದು ಎರಡೋ ಮೂರೋ ವರ್ಷ ಆಗಿತ್ತು. ಕಡಬದಲ್ಲಿ ಆಗ ಯಾರ ಮನೆಯಲ್ಲೂ ಟಿವಿ ಇರಲಿಲ್ಲ. ಇವನು ಗಲ್ಫಿನಿಂದ ಬಂದ. ಹೋಗುವಾಗ ಬೆನ್ನು ಬಗ್ಗಿಸಿ ನಡೆಯುತ್ತಿದ್ದವನು, ಬರುವಾಗ ಎದೆಯನ್ನು ಮುಂದೆ ಕಳಿಸಿ ತಾನು ಹಿಂದೆ ಬರುವವನ ಹಾಗೆ ನಡೆಯುತ್ತಿದ್ದ. ಗಡಿಯಾರ ಕಟ್ಟಿದ ಕೈಯನ್ನು ಯಾವಾಗಲೂ ಎದೆಯ ಮಟ್ಟಕ್ಕೆ ಎತ್ತಿಯೇ ಇಡುತ್ತಿದ್ದ. ಕೈಯಲ್ಲಿ ಹುಣ್ಣಾಗಿದೆಯೋ ಎಂದು ನಾನು ಮೊದಲ ದಿನ ಕೇಳಿದ್ದೆ. ಅತ್ತರು ಎಷ್ಟು ಸುರಿದುಕೊಳ್ಳುತ್ತಿದ್ದನೆಂದರೆ, ಅವನು ಸೇತುವೆ ದಾಟುವಾಗಲೇ ನಮ್ಮ ಜಗಲಿಗೆ ಸುದ್ದಿ ಬರುತ್ತಿತ್ತು. ಏನು ಕೇಳಿದರೂ ಎರಡೇ ಉತ್ತರ. ಒಂದು, "ನಮ್ಮ ಗಲ್ಫಿನಲ್ಲಿ ಹಾಗಲ್ಲ." ಇನ್ನೊಂದು, "ಬಿಡಿ, ನಿಮಗೆ ಅರ್ಥ ಆಗುದಿಲ್ಲ."

ಅಲ್ಲಿ ದೊಡ್ಡ ಕಂಪೆನಿಯಲ್ಲಿ ಸೂಪರ್‌ವೈಸರ್ ಆಗಿದ್ದೆ, ಅರಬಿ ಭಾಷೆ ನೀರಿನ ಹಾಗೆ ಬರುತ್ತದೆ ಎಂದೆಲ್ಲ ಹೇಳುತ್ತಿದ್ದ. ಕೂಲಿಗಳ ಕ್ಯಾಂಪಿನ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಎಂದು ಆಮೇಲೆ ತಿಳಿಯಿತು. ಪಾತ್ರೆ ತೊಳೆದದ್ದಕ್ಕೆ ನನಗೆ ಅಸಡ್ಡೆ ಇಲ್ಲ. ನಾನೂ ತೊಳೆದವಳು, ಈಗಲೂ ತೊಳೆಯುತ್ತೇನೆ. ಆದರೆ ಅದೇ ಕೈಯನ್ನು ಅತ್ತರಿನಲ್ಲಿ ಅದ್ದಿ, ಪಾತ್ರೆ ತೊಳೆಯುವ ನಮ್ಮ ಕಡೆ ಮೂಗು ಮುರಿಯುತ್ತಿದ್ದನಲ್ಲ, ಅದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಬರುವಾಗ ಒಂದು ಕಲರ್ ಟಿವಿ, ಒಂದು ವೀಡಿಯೋ, ಒಂದು ಪೆಟ್ಟಿಗೆ ತುಂಬ ಕ್ಯಾಸೆಟ್ ತಂದಿದ್ದ. ಸೈಕಲ್ ಶಾಪಿನ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು ಬೆಂಚು ಹಾಕಿ, ಕಿಟಕಿಗೆ ಕಪ್ಪು ಬಟ್ಟೆ ಹೊಡೆದು, ಹಿಂದಿ ಸಿನಿಮಾ ತೋರಿಸುತ್ತೇನೆಂದು ಸಾರಿದ. ಉದ್ಘಾಟನೆಗೆ ಪೇಟೆಯ ದೊಡ್ಡವರನ್ನೆಲ್ಲ ಕರೆದ. ಮುಂದಿನ ಸಾಲಿಗೆ ಕುರ್ಚಿ, ನಮ್ಮಂಥವರಿಗೆ ಹಿಂದೆ ಚಾಪೆ. ಕಾಯಿ ಒಡೆದು, ಊದುಬತ್ತಿ ಹಚ್ಚಿ, ಗಡಿಯಾರದ ಕೈಯಲ್ಲಿ ಗುಂಡಿ ಒತ್ತಿದ.

ಬಂದದ್ದು ಹಿಂದಿ ಸಿನಿಮಾ ಅಲ್ಲ. ಬಣ್ಣದಲ್ಲಿ ಬರೆದ ಒಂದು ಹುಡುಗಿಯ ಚಿತ್ರ. ಮುಖದ ಅರ್ಧಕ್ಕೆ ಕಣ್ಣು. ಅವಳು ಒಂದು ದೋಣಿಯಲ್ಲಿ ಕುಂಟು ಬಾತುಕೋಳಿಯೊಂದನ್ನು ಕೂರಿಸಿಕೊಂಡು ಹೋಗುತ್ತಾ ಅರಬಿಯಲ್ಲಿ ಮಾತಾಡುತ್ತಿದ್ದಳು. ಇನ್ನೊಂದು ಕ್ಯಾಸೆಟ್ ಹಾಕಿದ, ಅದರಲ್ಲೂ ಅದೇ ಹುಡುಗಿ. ಮೂರನೆಯದರಲ್ಲೂ ಅವಳೇ. ಅಲ್ಲಿನ ಸಂತೆಯಲ್ಲಿ ಯಾರೋ ಮಾರುತ್ತಿದ್ದ ಹಳೆಯ ಕ್ಯಾಸೆಟ್ಟುಗಳ ರಾಶಿಯನ್ನು ಹಿಂದಿ ಸಿನಿಮಾ ಎಂದು ನಂಬಿ ಹೊತ್ತು ತಂದಿದ್ದ. ಮೇಲೆ ಬರೆದದ್ದು ಅರಬಿಯಲ್ಲಿ, ನೀರಿನ ಹಾಗೆ ಬರುವ ಅದೇ ಭಾಷೆಯಲ್ಲಿ.

ಮುಂದಿನ ಸಾಲಿನಲ್ಲಿ ನಗು ಶುರುವಾಯಿತು. ಯಾರೋ, "ಎಂತ ಮಾರಾಯ, ಅಂಗನವಾಡಿಯ?" ಎಂದು ಕೇಳಿದರು. ಆಗ ಅವನು ಮಾಡಿದ್ದನ್ನು ಅವನಲ್ಲದೆ ಇನ್ನೊಬ್ಬ ಮಾಡಲಾರ. ಟಿವಿಯ ಪಕ್ಕ ಕುರ್ಚಿ ಎಳೆದು, ತಾಳಮದ್ದಳೆಯ ಅರ್ಥಧಾರಿಯ ಹಾಗೆ ಶಾಲು ಸರಿಮಾಡಿಕೊಂಡು ಕೂತು, ಗಂಟಲು ಕೆರೆದು, ಇದು ಜಪಾನಿನವರು ಮಾಡಿದ ಪುರಾಣ, ಗಲ್ಫಿನ ಶೇಕುಗಳೆಲ್ಲ ಸಂಜೆ ಕೆಲಸ ಬಿಟ್ಟು ನೋಡುವುದು ಇದನ್ನೇ, ಇದಕ್ಕೆ ನಾನು ಅರ್ಥ ಹೇಳುತ್ತೇನೆ ಎಂದ. ತಾಳಮದ್ದಳೆಯಲ್ಲಿ ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿ ಅದನ್ನು ಮಾತಿನಲ್ಲಿ ಬೆಳೆಸುತ್ತಾನಲ್ಲ, ಹಾಗೆ ಆ ಹುಡುಗಿ ಅರಬಿಯಲ್ಲಿ ಒಂದು ಮಾತು ಆಡಿದರೆ ಇವನು ಕನ್ನಡದಲ್ಲಿ ಹತ್ತು ಆಡಿದ. ದೊಡ್ಡವರು ನಗುತ್ತಲೇ ಎದ್ದು ಹೋದರು. ಚಾಪೆಯಲ್ಲಿದ್ದ ನಾವು ಕೂತೆವು.

ಯಾಕೆ ಕೂತೆವು ಎಂದು ಕೇಳಿದರೆ, ಆ ಚಿತ್ರ ಅಷ್ಟು ಚಂದ ಇತ್ತು. ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಗಾಳಿ ಬಂದರೆ ಹುಲ್ಲು ಒಂದು ಕಡೆಯಿಂದ ಬಾಗುತ್ತಾ ಬಂದು ಕೊನೆಗೆ ಹುಡುಗಿಯ ಕೂದಲಿಗೆ ಮುಟ್ಟುತ್ತಿತ್ತು. ಅವಳಿಗೆ ಅಳು ಬಂದರೆ ಕಣ್ಣೀರು ಕೂಡಲೇ ಬೀಳುತ್ತಿರಲಿಲ್ಲ. ಕಣ್ಣಿನ ಅಂಚಿನಲ್ಲಿ ತುಂಬಿ, ನಡುಗಿ, ಬೀಳಲೋ ಬೇಡವೋ ಎಂದು ನಿಂತು, ನಮ್ಮ ಸೆರಗು ಕಣ್ಣಿಗೆ ಹೋದ ಮೇಲೆ ಬೀಳುತ್ತಿತ್ತು. ಅನ್ನ ಬೇಯಿಸಿದರೆ ಹಬೆ ಏಳುವುದನ್ನು ಬರೆದಿದ್ದರು. ಏನೂ ನಡೆಯದೆ ದೋಣಿ ಸುಮ್ಮನೆ ಹೋಗುತ್ತಿರುವುದನ್ನೂ ಅಷ್ಟೇ ಪ್ರೀತಿಯಿಂದ ಬರೆದಿದ್ದರು. ನಮ್ಮ ಸಿನಿಮಾಗಳಲ್ಲಿ ಏನೂ ನಡೆಯದಿದ್ದರೆ ಹಾಡು ಹಾಕುತ್ತಾರೆ. ಇವರು ಆಕಾಶ ತೋರಿಸುತ್ತಿದ್ದರು. ಎಲ್ಲೋ ಸಮುದ್ರದ ಆಚೆ ಯಾರೋ ಕೂತು ಕೈಯಲ್ಲಿ ಒಂದೊಂದೇ ಚಿತ್ರ ಬರೆದು ಇದನ್ನು ಓಡಿಸಿದ್ದಾರಂತೆ. ದಿನಕ್ಕೆ ಸಾವಿರ ಬೀಡಿ ಒಂದೊಂದಾಗಿ ಕಟ್ಟುವವಳಿಗೆ ಅದು ಎಂಥ ಕೆಲಸ ಎಂದು ಬೇರೆಯವರು ಹೇಳಬೇಕಾಗಿಲ್ಲ.

ನಾನು ಹೋಗಿ ನೆಬಿಸಮ್ಮನಿಗೆ ಹೇಳಿದೆ. ನೆಬಿಸಮ್ಮ ನಮ್ಮ ಪಕ್ಕದ ಮನೆಯವಳು, ಅವಳದೂ ಬೀಡಿಯ ಕೆಲಸ. ಅವಳು ತನ್ನ ಓರಗಿತ್ತಿಗೆ ಹೇಳಿದಳು. ಹತ್ತೇ ದಿನದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಆ ಕೋಣೆ ತುಂಬ ಬೀಡಿಯ ಹೆಂಗಸರು, ಎಲ್ಲರ ಮಡಿಲಲ್ಲೂ ಮೊರ. ಕಣ್ಣು ಟಿವಿಯ ಮೇಲೆ, ಕೈ ಎಲೆಯ ಮೇಲೆ. ಟಿಕೆಟಿಗೆ ಒಂದು ಕಟ್ಟು ಬೀಡಿ ಕೊಟ್ಟರೆ ಆಯಿತು, ಅವನೇ ಸೇದುತ್ತಿದ್ದ. ಹುಡುಗಿಗೆ ಕಷ್ಟ ಬಂದ ದಿನ ನಮ್ಮ ಬೀಡಿ ಒಂದು ಕಡೆ ದಪ್ಪ, ಒಂದು ಕಡೆ ಸಪುರ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಚೆಕ್ಕರ್ ಕೆಟ್ಟದ್ದನ್ನು ಮೊರದಿಂದ ಎತ್ತಿ ಬಿಸಾಡುತ್ತಾ, ಇವತ್ತು ಆ ಬಾತುಕೋಳಿಗೆ ಏನಾಯಿತು ಎಂದು ಕೇಳುತ್ತಿದ್ದ.

ಇನ್ನು ಅವನ ಅರ್ಥದ ಬಗ್ಗೆ. ಹುಡುಗಿಯ ಅಣ್ಣ ಅಪ್ಪನ ಚಿನ್ನ ಕದ್ದು ಓಡಿಹೋಗಿದ್ದಾನೆ, ಸೇಡು ತೀರಿಸಲು ಇವಳು ದೋಣಿ ನಿಲ್ಲುವ ಕಡವಿನಿಂದ ಕಡವಿಗೆ ಹುಡುಕುತ್ತಿದ್ದಾಳೆ, ಬಾತುಕೋಳಿ ಶಾಪ ತಗಲಿದ ಒಬ್ಬ ಗಂಧರ್ವ. ಯಾವ ಮುದುಕಿ ಬಂದರೂ ಅವಳು ಮಾಟಗಾತಿ. ಯಾವ ಗಡ್ಡದವನು ಬಂದರೂ ಕಳ್ಳ. ನಾವು ನಂಬಿದೆವು. ಅರಬಿ ಬಲ್ಲವನು ಅವನೊಬ್ಬನೇ ತಾನೆ.

ಮನೆಯಲ್ಲಿ ಒಬ್ಬಳನ್ನೇ ಬಿಡುವ ಹಾಗಿಲ್ಲದ್ದರಿಂದ ಸುಮತಿಯನ್ನೂ ಕರೆದುಕೊಂಡು ಹೋಗುತ್ತಿದ್ದೆ. ಎಂಟು ವರ್ಷದವಳು. ಊರಿನ ಶಾಲೆಯಲ್ಲಿ ಒಂದು ತಿಂಗಳು ಕೂರಿಸಿಕೊಂಡು, ಇವಳಿಗೆ ಇಲ್ಲಿ ಆಗುವುದಿಲ್ಲ ಎಂದು ಮನೆಗೆ ಕಳಿಸಿದ್ದರು. ಅಲ್ಲಿಂದ ಮೇಲೆ ನನ್ನ ಪಕ್ಕ ಕೂತು ಬೀಡಿಗೆ ನೂಲು ಕಟ್ಟುವುದೇ ಅವಳ ವಿದ್ಯೆ. ಟಿವಿಯ ಮುಂದೆ ಕೂತರೆ ಮಾತ್ರ ಅವಳ ಕೈ ನಿಲ್ಲುತ್ತಿತ್ತು. ರೆಪ್ಪೆ ಹೊಡೆಯುತ್ತಿರಲಿಲ್ಲ.

ಒಂದು ದಿನ ಮನೆಗೆ ಬಂದು ಕತ್ತರಿಸಿ ಉಳಿದ ಬೀಡಿ ಎಲೆಯ ಚೂರುಗಳನ್ನು ಹೆಕ್ಕಿ, ಕತ್ತರಿಯ ಮೊನೆಯಿಂದ ಗೀರತೊಡಗಿದಳು. ಒಣಗಿದ ಎಲೆಯ ಮೇಲೆ ಬಿಳಿ ಗೆರೆ ಏಳುತ್ತದೆ. ನೋಡಿದರೆ ಆ ಹುಡುಗಿ, ಅದೇ ಕಣ್ಣು. ಇನ್ನೊಂದು ಚೂರಿನಲ್ಲಿ ಮುದುಕಿ. ಇನ್ನೊಂದರಲ್ಲಿ ಬೋಗುಣಿ, ಹಬೆ. ಹತ್ತು ಹದಿನೈದು ಚೂರುಗಳನ್ನು ನೆಲದಲ್ಲಿ ಸಾಲಾಗಿ ಇಟ್ಟು, ನನ್ನ ಗಲ್ಲ ಹಿಡಿದು ಮುಖ ತಿರುಗಿಸಿ, ಒಂದೊಂದನ್ನೇ ಬೆರಳಿಟ್ಟು ತೋರಿಸಿದಳು. ಕಥೆ ಹೇಳುತ್ತಿದ್ದಾಳೆ ಎಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಅವಳ ಕಥೆಯೇ ಬೇರೆ. ಆ ದಿನ ಅವನು, ಮುದುಕಿ ಹುಡುಗಿಗೆ ವಿಷ ಹಾಕಿದಳು ಎಂದು ಅರ್ಥ ಹೇಳಿದ್ದ. ಸುಮತಿಯ ಎಲೆಯಲ್ಲಿ ಮುದುಕಿ ಗಂಜಿ ಕೊಟ್ಟು, ತನ್ನ ಕೋಟು ತೆಗೆದು ಹುಡುಗಿಗೆ ತೊಡಿಸಿದ್ದಳು. ಮಾರನೆಯ ದಿನದ ಕ್ಯಾಸೆಟ್ಟಿನಲ್ಲಿ ನೋಡುತ್ತೇನೆ, ಹುಡುಗಿ ಆ ಕೋಟನ್ನೇ ಹಾಕಿಕೊಂಡಿದ್ದಾಳೆ. ಚಳಿಯಾದಾಗಲೆಲ್ಲ ಅದಕ್ಕೆ ಕೆನ್ನೆ ಒತ್ತುತ್ತಾಳೆ. ವಿಷ ಹಾಕಿದವಳ ಕೋಟಿಗೆ ಯಾರಾದರೂ ಕೆನ್ನೆ ಒತ್ತುತ್ತಾರೆಯೆ? ಅವನನ್ನೇ ಕೇಳಿದೆ. ಸುಮತಿ ಹೀಗೆ ಹೇಳುತ್ತಾಳೆ ಎಂದೂ ಹೇಳಿದೆ.

ಅವನು ಬೀಡಿಯ ಬೂದಿ ಕೊಡವಿ, "ಅಕ್ಕ, ಕಿವಿ ಕೇಳುವ ನಿಮಗೇ ಅರ್ಥ ಆಗುದಿಲ್ಲ. ಆ ಮೂಗಿಗೆ ಆಗುದುಂಟ?" ಎಂದ.

ಹೆಂಗಸರಲ್ಲಿ ಕೆಲವರು ನಕ್ಕರು. ಸುಮತಿಗೆ ಕೇಳಿಸಲಿಲ್ಲ. ನಗುವ ಮುಖಗಳು ತನ್ನ ಕಡೆ ತಿರುಗಿದ್ದು ಕಾಣಿಸಿತು. ತಾನೂ ನಕ್ಕಳು.

ಅಷ್ಟಕ್ಕೇ ಬಿಟ್ಟಿದ್ದರೆ ನಾನು ಏಳು ವರ್ಷ ಅವನನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಅದೇ ದಿನಗಳಲ್ಲಿ ಆಸ್ಪತ್ರೆಯ ನರ್ಸಮ್ಮ ಮನೆಗೆ ಬಂದು, ಮಂಗಳೂರಿನಲ್ಲಿ ಕಿವಿ ಕೇಳದ ಮಕ್ಕಳಿಗೇ ಒಂದು ಶಾಲೆ ಇದೆ, ಅಲ್ಲೇ ಹಾಸ್ಟೆಲ್ಲು, ಜೂನಿಗೆ ಸೇರಿಸಿಕೊಳ್ಳುತ್ತಾರೆ, ಅಪ್ಪ ಸಹಿ ಹಾಕಿದ ಅರ್ಜಿ ಬೇಕು ಎಂದು ಹೇಳಿ ಕಾಗದ ಕೊಟ್ಟು ಹೋಗಿದ್ದರು. ಸೊಸೆ ಲೀಲಾ ಆ ಕಾಗದವನ್ನು ದೇವರ ಪಟದ ಹಿಂದೆ ಇಟ್ಟಳು. ಮೋನಪ್ಪ ಸುಬ್ರಹ್ಮಣ್ಯದ ದಾರಿಯಲ್ಲಿ ಜೀಪು ಓಡಿಸುವವನು, ಮಾತು ಕಮ್ಮಿ, ಮಗಳ ಮೇಲೆ ಜೀವ. ಆದರೆ ನಾಲ್ಕು ಜನರ ಎದುರು ಅವಳ ಕೈ ಆಡಲು ಶುರುವಾದರೆ ಅವನು ಆ ಕೈಯನ್ನು ಹಿಡಿದು ಮೆಲ್ಲಗೆ ಕೆಳಗೆ ಇಳಿಸುತ್ತಿದ್ದ. ಅರ್ಜಿಯ ವಿಷಯಕ್ಕೆ ಅವನು ಲೋಕ ಕಂಡವರನ್ನು ಕೇಳಿ ಬರುತ್ತೇನೆಂದು ಹೋದ. ಲೋಕ ಕಂಡವನು ಯಾರು? ಇವನೇ.

ಬಂದು ಮೋನಪ್ಪ ಹೇಳಿದ, "ಗಲ್ಫಿನಲ್ಲಿ ಕೂಡ ಇಂಥ ಮಕ್ಕಳನ್ನು ಶಾಲೆಗೆ ಕಳಿಸುದಿಲ್ಲವಂತೆ ಅಮ್ಮ. ಕಿವಿ ಇಲ್ಲದವರಿಗೆ ಬುದ್ಧಿ ಬೆಳೆಯುದಿಲ್ಲವಂತೆ. ಅಲ್ಲಿಗೆ ಹೋಗಿ ಪೆಟ್ಟು ತಿನ್ನುದು ಬೇಡ. ಇಲ್ಲಿ ಬೀಡಿ ಉಂಟಲ್ಲ."

ಲೀಲಾ ಒಳಗೆ ಹೋಗಿ ಅತ್ತಳು. ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಎಲ್ಲೋ ಕುಳಿತು ಎಂಜಲು ತಟ್ಟೆ ತೊಳೆದು ಬಂದವನು, ಒಂದು ಶಾಲೆಯ ಬಾಗಿಲನ್ನೂ ಕಾಣದವನು, ನನ್ನ ಮಗುವಿನ ಬುದ್ಧಿಯನ್ನು ಅಳೆದು ಹೇಳಿದ. ನನ್ನ ಮಗ ಅದನ್ನು ವೇದದ ಹಾಗೆ ಹೊತ್ತುಕೊಂಡು ಬಂದ. ಅವನ ಮಾತು ಸುಳ್ಳು ಎಂದು ತೋರಿಸದ ಹೊರತು ಮೋನಪ್ಪ ಸಹಿ ಹಾಕುವುದಿಲ್ಲ ಎಂದು ನನಗೆ ಗೊತ್ತಿತ್ತು. ಜೂನಿಗೆ ಒಂದು ತಿಂಗಳೂ ಉಳಿದಿರಲಿಲ್ಲ.

ದೇವರು ನೆಬಿಸಮ್ಮನ ತಮ್ಮನನ್ನು ಕಳಿಸಿದ. ಹಮೀದ ಗಲ್ಫಿನಲ್ಲಿ ಒಬ್ಬರು ಅರಬರ ಮನೆಗೆ ಡ್ರೈವರ್ ಆಗಿದ್ದ, ರಜೆಗೆ ಬಂದಿದ್ದ. ಗಡಿಯಾರ ಅವನಿಗೂ ಇತ್ತು, ಅಂಗಿಯ ತೋಳಿನೊಳಗೆ. ಈ ಜಪಾನಿನ ಚಿತ್ರಗಳು ಅಲ್ಲಿನ ಟಿವಿಯಲ್ಲಿ ಅರಬಿ ಮಾತು ಸೇರಿಸಿ ಬರುತ್ತವೆ, ಯಜಮಾನರ ಮಕ್ಕಳ ಜೊತೆ ಕೂತು ನಾನೂ ನೋಡಿದ್ದೇನೆ, ಇಂಥವು ಬೇರೆಯೂ ಎಷ್ಟೋ ಉಂಟು ಎಂದ. ಅರಬಿ ಬರುತ್ತದೆಯಾ ಎಂದು ಕೇಳಿದರೆ, ಮಕ್ಕಳ ಜೊತೆ ಜಗಳವಾಡುವಷ್ಟು ಬರುತ್ತದೆ ಎಂದು ನಕ್ಕ. ನನಗೆ ಅಷ್ಟೇ ಸಾಕಾಗಿತ್ತು. ಯಾರಿಗೂ ಏನೂ ಹೇಳಬೇಡ, ಭಾನುವಾರ ಬಂದು ಮೂಲೆಯಲ್ಲಿ ಕೂರು ಎಂದೆ. ಮೋನಪ್ಪನಿಗೂ, ನೀನೂ ನಮ್ಮ ಜೊತೆ ಬಾ, ಭಾನುವಾರ ಜೀಪು ತೆಗೆದರೆ ಮನೆಯಲ್ಲಿ ಅನ್ನ ಇಲ್ಲ ಎಂದೆ.

ಅಂದಿನ ಕ್ಯಾಸೆಟ್ ನಾವು ಯಾರೂ ಅದುವರೆಗೆ ನೋಡಿದ್ದಲ್ಲ. ಅದರಲ್ಲಿ ಹುಡುಗಿ ಒಂದು ಕಡವಿನಲ್ಲಿ ದೋಣಿ ಕಟ್ಟಿ ಸಂತೆಗೆ ಹೋಗುತ್ತಾಳೆ. ಅವಳು ಅತ್ತ ಹೋದ ಕೂಡಲೇ ಒಬ್ಬ ಗಂಡಸು ಇತ್ತಿಂದ ಬಂದು, ಯಾರೂ ನೋಡುತ್ತಿಲ್ಲವೆಂದು ನೋಡಿ, ದೋಣಿಗೆ ಇಳಿದು ಸುತ್ತಿಗೆಯಿಂದ ತಳಕ್ಕೆ ಹೊಡೆಯುತ್ತಾನೆ. ಒಂದೇ ಕೈ, ಇನ್ನೊಂದು ತೋಳು ಖಾಲಿ. ನಮ್ಮವನು ಕುರ್ಚಿಯಿಂದ ಅರ್ಧ ಎದ್ದು, ಕಂಡಿರಾ ಈ ದ್ರೋಹಿ ಅಣ್ಣನನ್ನು, ಒಡಹುಟ್ಟಿದ ತಂಗಿಯನ್ನೇ ಮುಳುಗಿಸಲು ದೋಣಿಗೆ ತೂತು ಕೊರೆಯುತ್ತಿದ್ದಾನೆ ಎಂದು ಗುಡುಗಿದ. ಹೆಂಗಸರು ಸೆರಗು ಬಾಯಿಗೆ ಒತ್ತಿದರು. ನಿಜ ಹೇಳಬೇಕೆಂದರೆ ನನಗೂ ಹಾಗೆಯೇ ಕಂಡಿತು.

ಕ್ಯಾಸೆಟ್ ಮುಗಿದ ಮೇಲೆ ನಾನು ಸುಮತಿಯ ಮುಂದೆ ಎಲೆಯ ಚೂರುಗಳನ್ನು ಸುರಿದೆ, ಕತ್ತರಿ ಕೊಟ್ಟೆ, ಹೇಳು ಎಂದು ಗಲ್ಲ ಎತ್ತಿದೆ. ಅವನು, ಇದೆಂತ ಆಟ ಎಂದು ಕೇಳಿದ. ಒಂದು ನಿಮಿಷ ಕೂರು ಎಂದೆ. ಸುಮತಿ ಗೀರಿದಳು. ಕೈ ಇಲ್ಲದ ಗಂಡಸು. ದೂರದಲ್ಲಿ ಹುಡುಗಿ, ಮರದ ಹಿಂದೆ ಅವನು. ಸುತ್ತಿಗೆ, ದೋಣಿಯ ತಳ. ಮತ್ತೆ ದೋಣಿಯಲ್ಲಿ ಹುಡುಗಿ. ಸಾಲಾಗಿ ಇಟ್ಟು ಅಪ್ಪನನ್ನು ಎಳೆದು ತಂದು ಎದುರಿಗೆ ಕೂರಿಸಿದಳು. ಮೊದಲು ಎರಡು ಕೈ ಸೇರಿಸಿ ನೀರು ಗೋರಿ ಗೋರಿ ಹೊರಗೆ ಚೆಲ್ಲುವ ಹಾಗೆ ಮಾಡಿದಳು. ಆಮೇಲೆ ಸುತ್ತಿಗೆಯ ಎಲೆಯನ್ನು ತಟ್ಟಿದಳು. ಆಮೇಲೆ ತನ್ನ ಅಂಗೈಯನ್ನು ಲಂಗಕ್ಕೆ ಒರೆಸಿ, ಬಿಡಿಸಿ, ಅಪ್ಪನ ಮುಖದ ಮುಂದೆ ಹಿಡಿದಳು. ಒಣಗಿದ ಅಂಗೈ.

ಮೋನಪ್ಪನಿಗೆ ತಿಳಿಯಲಿಲ್ಲ. ನೆಬಿಸಮ್ಮನಿಗೆ ತಿಳಿಯಿತು. ಅವಳು ಮೊರವನ್ನು ಮಡಿಲಿನಿಂದ ಕೆಳಗೆ ಇಟ್ಟು, "ಹೌದಲ್ಲ ಅಕ್ಕ, ದೋಣಿ ಮೊದಲಿಂದಲೂ ಸೋರ್ತಾ ಉಂಟು. ಅವಳು ದಿನಾ ಡಬ್ಬಿಯಲ್ಲಿ ನೀರು ಗೋರ್ತಾಳೆ. ಇವತ್ತು ಸಂತೆಯಿಂದ ಬಂದ ಮೇಲೆ ಗೋರಲೇ ಇಲ್ಲ," ಎಂದಳು.

ಆಗ ಹಮೀದ ಮೂಲೆಯಿಂದ ಎದ್ದ. ಅವನು ಇವನ ಕಡೆ ನೋಡಲಿಲ್ಲ, ಮೋನಪ್ಪನಿಗೆ ಹೇಳಿದ. "ಮೋನಪ್ಪಣ್ಣ, ಮಗು ಹೇಳಿದ್ದು ಸರಿ. ಅವ ತೂತು ಮುಚ್ಚಿದ್ದು. ಅವನೇ ಅವಳ ಅಣ್ಣ. ಮಿಲ್ಲಿನಲ್ಲಿ ಕೈ ಹೋಯಿತು, ಹೀಗಿರುವ ನನ್ನನ್ನು ತಂಗಿ ನೋಡುದು ಬೇಡ ಅಂತ ಅಡಗಿದ್ದಾನೆ. ಚಿತ್ರದಲ್ಲಿ ಅವ ಬಾಯಿಬಿಟ್ಟು ಹೇಳಿದ್ದೇ ಅದು. ಚಿನ್ನವೂ ಇಲ್ಲ, ಸೇಡೂ ಇಲ್ಲ. ಇಷ್ಟು ದಿನ ಇವರು ಹೇಳಿದ್ದರಲ್ಲಿ ಬಾತುಕೋಳಿ ಕುಂಟು ಅನ್ನುದು ಮಾತ್ರ ಸತ್ಯ."

ನಾನು ವೀಡಿಯೋದವನ ಮುಖವನ್ನೇ ನೋಡುತ್ತಿದ್ದೆ. ನಾಚಿಕೆ ಎಂಬುದು ಆ ಮುಖದ ದಾರಿ ಹಿಡಿದು ಬಂದು ಮನೆ ಸಿಗದೆ ಹಿಂದೆ ಹೋಯಿತು. ಶಾಲು ಸರಿಮಾಡಿಕೊಂಡ. "ಅರ್ಥಧಾರಿಗೆ ಸ್ವಾತಂತ್ರ್ಯ ಉಂಟು," ಎಂದ. "ಪದದಲ್ಲಿ ಇದ್ದದ್ದನ್ನೇ ಹೇಳುದಾದರೆ ಅರ್ಥ ಯಾಕೆ ಬೇಕು?"

ಒಬ್ಬ ಕೈ ಹೋದವನನ್ನು ಕಳ್ಳ ಮಾಡಿದ, ಗಂಜಿ ಕೊಟ್ಟ ಮುದುಕಿಯನ್ನು ಕೊಲೆಗಾತಿ ಮಾಡಿದ, ನನ್ನ ಮಗುವನ್ನು ಬುದ್ಧಿಯಿಲ್ಲದವಳನ್ನಾಗಿ ಮಾಡಿದ. ಇದಕ್ಕೆಲ್ಲ ಸ್ವಾತಂತ್ರ್ಯ ಉಂಟಂತೆ.

ಮೋನಪ್ಪ ಮಾತ್ರ ಅವನ ಮಾತು ಕೇಳಿಸಿಕೊಳ್ಳಲೇ ಇಲ್ಲ. ನೆಲಕ್ಕೆ ಬಾಗಿ ಎಲೆಯ ಸಾಲನ್ನು ಮೊದಲಿನಿಂದ ಇನ್ನೊಮ್ಮೆ ನೋಡಿದ. ಮರದ ಹಿಂದೆ ಅಡಗಿದ ಗಂಡಸಿನ ಮೇಲೆ ಬೆರಳಿಟ್ಟ. ಮನೆಗೆ ಹೋಗುವ ದಾರಿಯಲ್ಲಿ ಸುಮತಿ ಎರಡೂ ಕೈಯಲ್ಲಿ ಏನೋ ಹೇಳುತ್ತಲೇ ಬಂದಳು, ಪೇಟೆಯ ಜನ ನೋಡುತ್ತಿದ್ದರು, ಅವನು ಆ ಕೈಗಳನ್ನು ಇಳಿಸಲಿಲ್ಲ. ಮನೆಗೆ ಬಂದವನೇ ದೇವರ ಪಟದ ಹಿಂದಿನ ಕಾಗದ ಎಲ್ಲಿ ಎಂದು ಲೀಲಾಳನ್ನು ಕೇಳಿದ.

ಅಲ್ಲಿಂದ ಮೇಲೆ ಅವನ ಕೋಣೆಗೆ ನನಗೂ ಸುಮತಿಗೂ ಪ್ರವೇಶ ಇರಲಿಲ್ಲ. ಬೇರೆ ಹೆಂಗಸರೂ ಹೆಚ್ಚು ದಿನ ಹೋಗಲಿಲ್ಲ. ಅರ್ಥ ನಿಲ್ಲಿಸಿ ಬರೀ ಚಿತ್ರ ಹಾಕು, ನಾವೇ ನೋಡಿ ತಿಳಿದುಕೊಳ್ಳುತ್ತೇವೆ ಎಂದು ನೆಬಿಸಮ್ಮ ಹೇಳಿದ್ದಕ್ಕೆ ಅವನಿಗೆ ಸಿಟ್ಟು ಬಂತಂತೆ. ಮಳೆ ಹಿಡಿಯುವ ಮೊದಲು ಟಿವಿ, ಪೆಟ್ಟಿಗೆ ಎಲ್ಲ ಕಟ್ಟಿಕೊಂಡು ಪುತ್ತೂರಿಗೆ ಹೋದ, ಅಲ್ಲಿ ಹಿಂದಿ ಸಿನಿಮಾ ಹಾಕಿದ. ಸುಮತಿ ಶಾಲೆಗೆ ಸೇರಿ, ಅಕ್ಷರ ಕಲಿತು, ನಮ್ಮ ಮನೆಗೆ ಮೊದಲ ಕಾರ್ಡು ಬರೆದ ಸುದ್ದಿ ಅವನವರೆಗೂ ಹೋಗಿರಬೇಕು. ಒಂದು ದಿನ ಪುತ್ತೂರು ಬಸ್ಸಿನಲ್ಲಿ ನಾನು ಹಿಂದೆ ಕೂತದ್ದು ಕಾಣದೆ, ಕಡಬದ ಆ ಮೂಗಿ ಹುಡುಗಿಯನ್ನು ಓದಿಸಿದ್ದು ನಾನೇ, ನನ್ನ ಶಿಷ್ಯೆ ಅವಳು ಎಂದು ಪಕ್ಕದವರಿಗೆ ಹೇಳುತ್ತಿದ್ದ. ಪುತ್ತೂರಿನಲ್ಲಿ ಇಳಿಯುವಾಗ ಅವನ ಕಣ್ಣಿಗೆ ನನ್ನ ಕಣ್ಣು ಸಿಕ್ಕಿತು. ಗಡಿಯಾರ ನೋಡಿಕೊಂಡ.

ಒಂದು ಸಂಗತಿ ಬರೆಯದೆ ಬಿಡಬಹುದಿತ್ತು. ಬಿಟ್ಟರೆ ನಾನೂ ಅವನ ಹಾಗೆ ನನಗೆ ಬೇಕಾದಂತೆ ಅರ್ಥ ಹೇಳಿದ ಹಾಗಾಗುತ್ತದೆ. ಆ ಭಾನುವಾರಕ್ಕೂ ಮೊದಲು, ಒಂದು ದಿನ ಬ್ರಾಂಚಿನಿಂದ ಬೇಗ ಬಂದವಳು ಅವನ ಕೋಣೆಯ ಬಾಗಿಲು ತಳ್ಳಿದೆ. ಒಳಗೆ ಅವನೊಬ್ಬನೇ ಇದ್ದ. ಧ್ವನಿಯನ್ನು ಪೂರ್ತಿ ಸಣ್ಣ ಮಾಡಿ, ಕುರ್ಚಿ ಬಿಟ್ಟು ಚಾಪೆಯ ಮೇಲೆ ಮೊಣಕಾಲು ತಬ್ಬಿಕೊಂಡು ಕೂತು ಆ ಹುಡುಗಿಯನ್ನು ನೋಡುತ್ತಿದ್ದ. ಅಲ್ಲಿ ಏನೂ ನಡೆಯುತ್ತಿರಲಿಲ್ಲ, ದೋಣಿ ಹೋಗುತ್ತಿತ್ತು, ಅಷ್ಟೆ. ಕೆನ್ನೆ ಒದ್ದೆಯಾಗಿತ್ತು. ನನ್ನನ್ನು ಕಂಡ ಕೂಡಲೇ ಎದ್ದು ಕುರ್ಚಿಗೆ ಹೋಗಿ, ಗಂಟಲು ಕೆರೆದು, ಹೊಗೆಸೊಪ್ಪಿನ ಘಾಟಿಗೆ ಕಣ್ಣು ಉರಿಯುತ್ತದೆ ಎಂದ. ಅವನಿಗೂ ಆ ಚಿತ್ರ ಹಿಡಿಸಿತ್ತು. ನನ್ನಷ್ಟೇ ಹಿಡಿಸಿತ್ತು. ಅದಕ್ಕೇ ನನಗೆ ಇನ್ನೂ ಹೆಚ್ಚು ಸಿಟ್ಟು. ಒಬ್ಬನೇ ಇದ್ದಾಗ ಬಾಯಿ ಮುಚ್ಚಿ ನೋಡಲು ಬಲ್ಲವನು, ನಾಲ್ಕು ಜನ ಸೇರಿದರೆ ಆ ಚಂದದ ಮೇಲೆ ತನ್ನ ಬಾಯಿಯ ಕಸ ಎಲ್ಲ ಸುರಿಯುತ್ತಿದ್ದ. ತಿಳಿಯದೆ ಮಾಡಿದವನಾಗಿದ್ದರೆ ಪಾಪ ಅನ್ನುತ್ತಿದ್ದೆ.

ಕಾಮಾಲೆ ಆಗಿ ಸತ್ತ. ಉತ್ತರಕ್ರಿಯೆಯ ಬೊಜ್ಜಕ್ಕೆ ಹೋಗಿದ್ದೆ, ಊಟ ಮಾಡಿ ಬಂದೆ. ಅವನನ್ನು ಹೊಗಳಿ ಮಾತಾಡಿದವರು ಇದ್ದರು. ನಾನು ಉಪ್ಪಿನಕಾಯಿ ಚೆನ್ನಾಗಿದೆ ಎಂದೆ.

ಸಾಕು ಅವನ ಮಾತು. ಇವತ್ತಿನ ಸಂಜೆಗೆ ಬರುತ್ತೇನೆ. ಲೀಲಾ ಕೋಳಿ ಮಾಡಿದಳು, ನಾನು ಕೂತು ರೊಟ್ಟಿ ಮಾಡಿದೆ, ಹೆಸರುಬೇಳೆ ಪಾಯಸಕ್ಕೆ ಕಾಯಿಹಾಲು ಹಿಂಡಿದೆ. ನೆಬಿಸಮ್ಮನ ಮನೆಗೆ ಒಂದು ತಂಬಿಗೆ ಪಾಯಸ ಮೊದಲೇ ಹೋಯಿತು. ನಮ್ಮಲ್ಲಿ ಮೋನಪ್ಪ ಮೊದಲು ಉಂಡು ಎದ್ದ ಮೇಲೆ ನಾವು ಹೆಂಗಸರು ಕೂರುವುದು. ಇವತ್ತು ಸುಮತಿ ಬಿಡಲಿಲ್ಲ. ಹಾಸ್ಟೆಲ್ಲಿನಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಾರಂತೆ. ನಾಲ್ಕು ಬಾಳೆಲೆಯನ್ನು ಅವಳೇ ಹಾಸಿದಳು. ಬಡಿಸುವುದಕ್ಕೂ ಯಾರನ್ನೂ ಏಳಗೊಡದೆ ಪಾತ್ರೆಗಳನ್ನೆಲ್ಲ ನಡುವೆ ತಂದಿಟ್ಟಳು.

ಅರ್ಧ ಊಟ ಆಗಿತ್ತು. ಮೋನಪ್ಪ ರೊಟ್ಟಿಯ ತಟ್ಟೆಯನ್ನು ಎತ್ತಿ, ಮಗಳ ಕಡೆ ನೋಡಿ, ಬಲಗೈ ಎಂಜಲು ಆದ್ದರಿಂದ ತಟ್ಟೆಯನ್ನು ತೊಡೆಯ ಮೇಲಿಟ್ಟು, ಎಡಗೈ ಎತ್ತಿದ. ಐದು ಬೆರಳು ಕೂಡಿಸಿ, ಬಿಡಿಸಿ, ಮತ್ತೆ ಕೂಡಿಸಿದ. ಇನ್ನೊಂದು ಬೇಕಾ ಎಂದು ಕೇಳುತ್ತಿದ್ದ. ಏಳು ವರ್ಷ ಅವನು ಅವಳಿಗಾಗಿ ಮಂಗಳೂರಿಗೆ ಹೋಗಿ ಬಂದಿದ್ದಾನೆ, ಟ್ರಂಕು ಹೊತ್ತಿದ್ದಾನೆ, ಬೋರ್ಡಿನ ಮುಂದೆ ನಿಂತಿದ್ದಾನೆ. ಕೈ ಎತ್ತಿ ಒಂದು ಮಾತು ಆಡಿದ್ದನ್ನು ನಾನು ಕಂಡಿರಲಿಲ್ಲ. ಎಲ್ಲಿ ಕಲಿತನೋ, ಬಸ್ಸಿನಲ್ಲಿ ಅವಳನ್ನೇ ನೋಡಿ ಕಲಿತನೋ.

ಲೀಲಾ ನನ್ನ ಕಡೆ ನೋಡಿದಳು. ನಾನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದೆ.

ಸುಮತಿ ಅಪ್ಪನ ಕೈಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಲೆ ಅಲ್ಲಾಡಿಸಿ ಹಾಗಲ್ಲ ಎಂದಳು. ತನ್ನ ಎಡಗೈ ಚಾಚಿ ಅವನ ಹೆಬ್ಬೆರಳನ್ನು ಹಿಡಿದು ಒಳಗೆ ಮಡಿಸಿ, ಉಳಿದ ಬೆರಳನ್ನು ಒಂದೊಂದಾಗಿ ಸರಿಮಾಡಿ, ಈಗ ಮಾಡು ಎಂದು ತೋರಿಸಿದಳು. ಅವನು ಮಾಡಿದ. ಇನ್ನೊಮ್ಮೆ ಎಂದಳು. ಇನ್ನೊಮ್ಮೆ ಮಾಡಿದ. ಎಲೆಯಿಂದ ಸಾರು ಹರಿದು ಅವನ ಪಂಚೆಗೆ ಬೀಳುತ್ತಿತ್ತು. ಮೂರನೆಯ ಸಲ ಸರಿಯಾಯಿತು. ಅವಳು ತಲೆ ಆಡಿಸಿ, ಅವನ ತೊಡೆಯ ಮೇಲಿದ್ದ ತಟ್ಟೆಯಿಂದ ರೊಟ್ಟಿ ತೆಗೆದುಕೊಂಡಳು.